ಕರ್ನೆಲ್ ಬೂಟ್ ಆಗುವಾಗ ಮೆಮೊರಿ ಮೀಸಲಿಡುವುದು: ಯಾವ ಗಳಿಗೆಯಲ್ಲಿ, ಯಾವ ಕ್ರಮದಲ್ಲಿ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ ಮೇಲೆ ಕೆಲಸ ಮಾಡುವ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ. ಸಾಧನಕ್ಕೆಂದು 64 ಎಂಬಿ ತೆಗೆದಿಟ್ಟಿದ್ದರೂ ಅದರೊಳಗೆ ಬೇರೆ ಯಾರೋ ಬರೆಯುತ್ತಿದ್ದಾರೆ ಎನ್ನುತ್ತಾರೆ ಒಬ್ಬರು. ಮೀಸಲಿಡುವ ಫಂಕ್ಷನ್ ಸೊನ್ನೆಯನ್ನೇ ಹಿಂದಿರುಗಿಸಿತು, ಅಂದರೆ ಯಶಸ್ವಿಯಾಯಿತು, ಆದರೆ ಮೆಮೊರಿ ಮಾತ್ರ ತಮ್ಮದಾಗಿಲ್ಲ ಎನ್ನುತ್ತಾರೆ ಇನ್ನೊಬ್ಬರು. ಬೂಟ್ ಮಾಡುವಾಗ ಕರ್ನೆಲ್‌ಗೆ ಒಪ್ಪಿಸುವ ಸೂಚನೆಗಳ ಸಾಲಿನಲ್ಲಿ, ಅಂದರೆ ಕಮಾಂಡ್ ಲೈನಿನಲ್ಲಿ, ಕೊಟ್ಟ ಸೂಚನೆಯನ್ನು ಕರ್ನೆಲ್ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂಬುದು ಮೂರನೆಯವರ ದೂರು. ಈ ಮೂರರಲ್ಲೂ ಮೀಸಲಿಟ್ಟ ಗಾತ್ರ ಸರಿಯಾಗಿರುತ್ತದೆ, ಬಳಸಿದ ಫಂಕ್ಷನ್ ಸರಿಯಾಗಿರುತ್ತದೆ, ತಪ್ಪಿರುವುದು ಗಳಿಗೆ.

ಮೀಸಲಿಡುವ ಕೆಲಸಕ್ಕೆ ಎರಡು ಗಡಿಗಳಿವೆ. ಆ ಜಾಗದ ಮೇಲೆ ಬೇರೆ ಯಾವ ಹಂಚಿಕೆಯೂ ಬೀಳುವ ಮುನ್ನ ಅದು ಮುಗಿದಿರಬೇಕು. ಹಾಗೆಯೇ, ಏನನ್ನು ಮೀಸಲಿಡಬೇಕೆಂಬ ಮಾಹಿತಿ ಕರ್ನೆಲ್‌ನ ಕೈಗೆ ಬಂದ ಮೇಲಷ್ಟೇ ಅದನ್ನು ಮಾಡಲು ಸಾಧ್ಯ. ಬೇಗ ಮಾಡಿದಷ್ಟೂ ಒಳ್ಳೆಯದು ಎಂದು ಭಾವಿಸಿ ಎರಡನೆಯ ಗಡಿಯನ್ನು ಮರೆಯುವವರೇ ಹೆಚ್ಚು.

ಒಂದು ಸೂಚನೆ: ಫಂಕ್ಷನ್‌ಗಳ ಮತ್ತು ಸೂಚನೆಗಳ ಹೆಸರನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನು ಬಳಸಿ. ಅಡಿಗೆರೆ, ಸಮಚಿಹ್ನೆಗಳನ್ನು ಇಲ್ಲಿ ಇರುವಂತೆಯೇ ಇಡಿ.

ಮೊದಲಿಗೆ ಏನೇನು ಬೇಕು

ನೀವು ಓಡಿಸುತ್ತಿರುವ ಆವೃತ್ತಿಯದೇ ಕರ್ನೆಲ್ ಮೂಲಕೋಡ್ ನಿಮ್ಮ ಬಳಿ ಇರಬೇಕು. ಆರಂಭದ ಕ್ರಮ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಹತ್ತಿರದ ಆವೃತ್ತಿ ಸಾಲದು. ಸೀರಿಯಲ್ ಕನ್ಸೋಲ್, ಅಂದರೆ ಕರ್ನೆಲ್‌ನ ಸಂದೇಶಗಳನ್ನು ಕೇಬಲ್ ಮೂಲಕ ಬೇರೆ ಯಂತ್ರದಲ್ಲಿ ಓದುವ ದಾರಿ, ಬೇಕೇ ಬೇಕು. ಈ ಹಂತದಲ್ಲಿ ಏನಾದರೂ ಕೆಟ್ಟರೆ ಪರದೆಯ ಮೇಲೆ ಒಂದಕ್ಷರವೂ ಮೂಡದೆ ಯಂತ್ರ ನಿಂತುಬಿಡುತ್ತದೆ. ಹಾಗಾಗಿ ಕಮಾಂಡ್ ಲೈನಿನಲ್ಲಿ ಆರಂಭದಿಂದಲೇ ಸಂದೇಶಗಳನ್ನು ಹೊರಗೆ ಕಳಿಸುವ ಅರ್ಲಿಕಾನ್ ಸೂಚನೆಯನ್ನೂ, ಮೆಮ್‌ಬ್ಲಾಕ್=ಡೀಬಗ್ ಸೂಚನೆಯನ್ನೂ ಮೊದಲೇ ಸೇರಿಸಿಕೊಳ್ಳಿ. ನಿಜವಾದ ಬೋರ್ಡ್ ಕೈಯಲ್ಲಿಲ್ಲದಿದ್ದರೆ ಕ್ಯೂಎಂಯು ಎಂಬ ಎಮ್ಯುಲೇಟರ್ ಸಾಕು. ಆರಂಭದ ಕ್ರಮವನ್ನು ಕಲಿಯುವುದಕ್ಕೆ ಅದೇ ಹೆಚ್ಚು ಅನುಕೂಲ.

ಕೆಲವು ಪದಗಳ ಅರ್ಥ

ಮೆಮ್‌ಬ್ಲಾಕ್ ಎಂದರೆ ಬೂಟ್‌ನ ಮೊದಲ ಹಂತದಲ್ಲಿ ಮೆಮೊರಿಯ ಲೆಕ್ಕ ಇಡುವ ಸರಳ ವ್ಯವಸ್ಥೆ. ಪವರ್‌ಪಿಸಿ ಕೋಡ್‌ನಲ್ಲಿ ಎಲ್‌ಎಂಬಿ ಎಂಬ ಹೆಸರಿನಲ್ಲಿದ್ದ ಇದಕ್ಕೆ 2010ರಲ್ಲಿ ಈಗಿನ ಹೆಸರು ಬಂತು. ಅದಕ್ಕೂ ಹಳೆಯದಾದ ಬೂಟ್‌ಮೆಮ್ ಎಂಬ ವ್ಯವಸ್ಥೆಯನ್ನು 2018ರ 4.20 ಆವೃತ್ತಿಯಲ್ಲಿ ಪೂರ್ತಿಯಾಗಿ ತೆಗೆದುಹಾಕಿದರು. ಹಳೆಯ ಪಾಠಗಳಲ್ಲಿ ಅಲೊಕ್_ಬೂಟ್‌ಮೆಮ್ ಎಂದು ಕಂಡರೆ ಆ ಪಾಠವನ್ನು ಬದಿಗಿಡಿ. ಮೆಮ್‌ಬ್ಲಾಕ್‌ನಲ್ಲಿ ಮುಖ್ಯವಾಗಿ ಎರಡು ಪಟ್ಟಿಗಳಿವೆ: ಯಂತ್ರದಲ್ಲಿ ಇರುವ ಮೆಮೊರಿಯ ಪಟ್ಟಿ ಒಂದು, ಅದರಲ್ಲಿ ಮುಟ್ಟಬಾರದ ಭಾಗಗಳ ಪಟ್ಟಿ ಇನ್ನೊಂದು. ಎರಡೂ ಪರಸ್ಪರ ಸ್ವತಂತ್ರ. ಇರುವ ಮೆಮೊರಿ ಎಷ್ಟೆಂದು ತಿಳಿಯುವ ಮುನ್ನವೇ ಮೀಸಲು ಪಟ್ಟಿಗೆ ಸೇರಿಸಬಹುದು, ಮತ್ತು ಕರ್ನೆಲ್ ಹಾಗೆ ಮಾಡುತ್ತದೆ ಕೂಡ.

ಬಡ್ಡಿ ಅಲೊಕೇಟರ್ ಎಂದರೆ ಬೂಟ್ ಮುಂದುವರಿದ ಮೇಲೆ ಪುಟಗಳನ್ನು, ಅಂದರೆ ಮೆಮೊರಿಯ ಸಮಗಾತ್ರದ ಸಣ್ಣ ತುಂಡುಗಳನ್ನು, ಹಂಚುವ ಶಾಶ್ವತ ವ್ಯವಸ್ಥೆ. ಇದು ಸಾಲದ ಬಡ್ಡಿಯಲ್ಲ, ಜೊತೆಗಾರ ಎಂಬ ಅರ್ಥದ ಇಂಗ್ಲಿಷ್ ಪದ. ಪಕ್ಕಪಕ್ಕದ ಸಮಗಾತ್ರದ ತುಂಡುಗಳನ್ನು ಜೊತೆ ಮಾಡಿ ದೊಡ್ಡ ತುಂಡಾಗಿಸುವುದರಿಂದ ಈ ಹೆಸರು. ಡಿವೈಸ್ ಟ್ರೀ ಎಂದರೆ ಬೋರ್ಡ್‌ನಲ್ಲಿ ಏನೇನಿದೆ ಎಂದು, ಕರ್ನೆಲನ್ನು ಮೆಮೊರಿಗೆ ಇಳಿಸುವ ಬೂಟ್‌ಲೋಡರ್ ಕರ್ನೆಲ್‌ಗೆ ಒಪ್ಪಿಸುವ ವಿವರಪಟ್ಟಿ. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಎಕ್ಸ್86 ಯಂತ್ರಗಳಲ್ಲಿ ಮೆಮೊರಿಯ ಮಟ್ಟಿಗೆ ಇ820 ಎಂಬ ಕೋಷ್ಟಕ ಅದೇ ಕೆಲಸ ಮಾಡುತ್ತದೆ. ಸಿಎಂಎ ಎಂಬುದು ದೊಡ್ಡ ಅಖಂಡ ಪ್ರದೇಶವನ್ನು ಮೀಸಲಿಟ್ಟು, ಸಾಧನಕ್ಕೆ ಬೇಡವಾದ ಹೊತ್ತಿನಲ್ಲಿ ಸ್ಥಳಾಂತರಿಸಬಹುದಾದ ಪುಟಗಳಿಗೆ ಅದನ್ನು ಎರವಲು ಕೊಡುವ ವ್ಯವಸ್ಥೆ; ಇದು 2012ರ 3.5 ಆವೃತ್ತಿಯಲ್ಲಿ ಬಂತು.

ಹಂತ 1: ನಿಮ್ಮ ಬೇಡಿಕೆ ಯಾವ ಬಗೆಯದು ಎಂದು ತೀರ್ಮಾನಿಸಿ

ನಿಮಗೆ ಬೇಕಾದ ಮೆಮೊರಿ ಇಂಥದೇ ಭೌತಿಕ ವಿಳಾಸದಲ್ಲಿ ಇರಬೇಕೇ, ಅಥವಾ ಎಲ್ಲಿದ್ದರೂ ನಡೆಯುತ್ತದೆಯೇ? ಬೂಟ್‌ಲೋಡರ್ ಆಗಲೇ ಚಿತ್ರ ಮೂಡಿಸಿ ಪರದೆಗೆ ಜೋಡಿಸಿರುವ ಫ್ರೇಮ್‌ಬಫರ್, ಸಹಪ್ರೊಸೆಸರ್‌ನ ಫರ್ಮ್‌ವೇರ್ ಕುಳಿತಿರುವ ಜಾಗ, ರೀಬೂಟ್ ಆದ ಮೇಲೂ ಓದಬೇಕಾದ ದಾಖಲೆಯ ಜಾಗ: ಇವು ಸ್ಥಿರ ವಿಳಾಸದವು. ಕ್ಯಾಮೆರಾ ಬಫರ್, ಕ್ರ್ಯಾಶ್ ಕರ್ನೆಲ್ (ಮುಖ್ಯ ಕರ್ನೆಲ್ ಕುಸಿದಾಗ ಓಡಲು ಕಾದಿರುವ ಎರಡನೆಯ ಕರ್ನೆಲ್), 1 ಜಿಬಿ ಗಾತ್ರದ ಬೃಹತ್ ಪುಟಗಳು: ಇವು ಎಲ್ಲಿದ್ದರೂ ನಡೆಯುವಂಥವು.

ಸ್ಥಿರ ವಿಳಾಸದವುಗಳನ್ನು ಮೊದಲು ಹಿಡಿಯಬೇಕು, ಎಲ್ಲಿದ್ದರೂ ನಡೆಯುವಂಥವು ನಂತರ ಬರಬೇಕು. ಕ್ರಮ ತಲೆಕೆಳಗಾದರೆ, ಎಲ್ಲಾದರೂ ಕೂರಬಹುದಾಗಿದ್ದ ಹಂಚಿಕೆ ಬಂದು ಸ್ಥಿರ ವಿಳಾಸದ ಮೇಲೆಯೇ ಕುಳಿತುಬಿಡುತ್ತದೆ, ಅದನ್ನು ಎಬ್ಬಿಸುವ ದಾರಿ ಇಲ್ಲ.

ಬೂಟ್ ಸಮಯದ ಮೀಸಲು ನಿಜವಾಗಿ ಬೇಕೇ ಎಂದೂ ಕೇಳಿಕೊಳ್ಳಿ. 4 ಕೆಬಿ ಪುಟಗಳಿರುವ ಎಕ್ಸ್86 ಯಂತ್ರದಲ್ಲಿ ಬಡ್ಡಿ ಅಲೊಕೇಟರ್ ಒಮ್ಮೆಗೆ 4 ಎಂಬಿವರೆಗಿನ ಅಖಂಡ ತುಂಡನ್ನು ಕೊಡಬಲ್ಲದು. ನಿಮ್ಮ ಅಗತ್ಯ ಕೆಲವು ನೂರು ಕೆಬಿ ಆಗಿದ್ದರೆ ಡ್ರೈವರ್‌ನೊಳಗೇ ಕೇಳಿ ಪಡೆಯಿರಿ, ಮುಂದಿನ ಹಂತಗಳನ್ನು ಓದುವ ಅಗತ್ಯವೇ ಇಲ್ಲ.

ಹಂತ 2: ಆರಂಭದ ಕಾಲಾನುಕ್ರಮವನ್ನು ಕಣ್ಣೆದುರು ಇಟ್ಟುಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ.

ಸ್ಟಾರ್ಟ್_ಕರ್ನೆಲ್ ಎಂಬ ಫಂಕ್ಷನ್ ಶುರುವಾದ ಸ್ವಲ್ಪದರಲ್ಲೇ ಸೆಟಪ್_ಆರ್ಚ್ ಕರೆಯಲ್ಪಡುತ್ತದೆ. ಪ್ರೊಸೆಸರ್ ಬಗೆಗೆ ತಕ್ಕ ಮೆಮೊರಿ ಪತ್ತೆ, ಆರಂಭಿಕ ಮೀಸಲು, ಕರ್ನೆಲ್ ಬಳಸುವ ವಿಳಾಸಗಳನ್ನು ಭೌತಿಕ ವಿಳಾಸಗಳಿಗೆ ಹೊಂದಿಸುವ ಪುಟಕೋಷ್ಟಕಗಳ ರಚನೆ ಎಲ್ಲವೂ ಅದರೊಳಗೆ ನಡೆಯುತ್ತವೆ. ಆಮೇಲೆ ಕಮಾಂಡ್ ಲೈನಿನ ಉಳಿದ ಸೂಚನೆಗಳ ಓದು, ದೊಡ್ಡ ಹ್ಯಾಶ್ ಕೋಷ್ಟಕಗಳ ಹಂಚಿಕೆ. ಅದಾದ ಮೇಲೆ ಎಂಎಂ_ಕೋರ್_ಇನಿಟ್ ಬರುತ್ತದೆ. ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ಎಂಎಂ_ಇನಿಟ್. ಇದರ ಒಳಗೆ ಮೆಮ್‌ಬ್ಲಾಕ್_ಫ್ರೀ_ಆಲ್ ಓಡಿದಾಗ, ಮೀಸಲು ಪಟ್ಟಿಯಲ್ಲಿ ಇಲ್ಲದ ಪ್ರತಿಯೊಂದು ಪುಟವೂ ಬಡ್ಡಿ ಅಲೊಕೇಟರ್‌ನ ವಶಕ್ಕೆ ಹೋಗುತ್ತದೆ. ಮೀಸಲಿಡುವ ಅವಕಾಶದ ಕಿಟಕಿ ಮುಚ್ಚುವುದು ಅಲ್ಲಿಗೇ. ಡ್ರೈವರ್‌ಗಳ ಇನಿಟ್‌ಕಾಲ್‌ಗಳು (ಆರಂಭದ ಕೆಲಸ ಮಾಡುವ ಫಂಕ್ಷನ್‌ಗಳು) ಓಡುವುದು ಇದಾದ ಬಹಳ ಹೊತ್ತಿನ ಮೇಲೆ. ಆ ಹೊತ್ತಿನಲ್ಲಿ ಮೀಸಲಿಡಲು ಹೋಗುವುದೆಂದರೆ ಬಸ್ಸು ತುಂಬಿದ ಮೇಲೆ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದಂತೆ.

64 ಬಿಟ್ ಆರ್ಮ್ ಪ್ರೊಸೆಸರ್‌ಗಳ ಆರ್ಮ್64ನಲ್ಲಿ ಸೆಟಪ್_ಆರ್ಚ್ ಒಳಗಿನ ಕ್ರಮ ಓದುವುದಕ್ಕೆ ಹಗುರ. ಮೊದಲು ಡಿವೈಸ್ ಟ್ರೀಯಿಂದ ಮೆಮೊರಿಯ ವಿವರವನ್ನೂ ಕಮಾಂಡ್ ಲೈನನ್ನೂ ಓದುತ್ತದೆ, ನಂತರ ಆರಂಭಿಕ ಸೂಚನೆಗಳನ್ನು ಬಿಡಿಸುತ್ತದೆ, ಇಎಫ್‌ಐ ಫರ್ಮ್‌ವೇರ್ ಇದ್ದರೆ ಅದರ ಮೆಮೊರಿ ನಕ್ಷೆಯನ್ನು ತೆಗೆದುಕೊಳ್ಳುತ್ತದೆ. ಆಗ ಡಿವೈಸ್ ಟ್ರೀಯಿಂದ ಬಂದಿದ್ದ ಮೆಮೊರಿ ಪಟ್ಟಿಯನ್ನು ಬಿಟ್ಟು ಫರ್ಮ್‌ವೇರ್‌ನ ನಕ್ಷೆಯನ್ನೇ ನೆಚ್ಚಿಕೊಳ್ಳುತ್ತದೆ ಎಂಬುದು ನೆನಪಿರಲಿ. ಬಳಿಕ ಆರ್ಮ್64_ಮೆಮ್‌ಬ್ಲಾಕ್_ಇನಿಟ್‌ನಲ್ಲಿ ಕರ್ನೆಲ್ ತನ್ನನ್ನು ತಾನು, ಬೂಟ್‌ಗೆ ಬೇಕಾದ ತಾತ್ಕಾಲಿಕ ಕಡತವ್ಯವಸ್ಥೆಯಾದ ಇನಿಟ್‌ಆರ್‌ಡಿಯನ್ನು, ಮತ್ತು ಡಿವೈಸ್ ಟ್ರೀ ಹೇಳಿದ ಮೀಸಲುಗಳನ್ನು ಪಟ್ಟಿಗೆ ಸೇರಿಸುತ್ತದೆ. ಪುಟಕೋಷ್ಟಕಗಳ ಹಂಚಿಕೆ ಇದರ ನಂತರವೇ. ಸಿಎಂಎ ಮತ್ತು ಕ್ರ್ಯಾಶ್ ಕರ್ನೆಲ್‌ನ ಪಾಲು ಈಚಿನ ಹಲವು ಆವೃತ್ತಿಗಳಲ್ಲಿ ಇನ್ನೂ ತಡವಾಗಿ, ಬೂಟ್‌ಮೆಮ್_ಇನಿಟ್‌ನಲ್ಲಿ ಬರುತ್ತದೆ. ಇಲ್ಲಿ ಉಳಿದಿರುವುದು ಹಳೆಯ ಹೆಸರು ಮಾತ್ರ, ತೆಗೆದುಹಾಕಿದ ಆ ವ್ಯವಸ್ಥೆಯಲ್ಲ. ಈ ತಡಕ್ಕೆ ಕಾರಣವಿದೆ. ರಾಸ್ಪ್‌ಬೆರಿ ಪೈ 4ರ ಕೆಲವು ಸಾಧನಗಳು ಮೊದಲ 1 ಜಿಬಿಯನ್ನಷ್ಟೇ ತಲುಪಬಲ್ಲವು. ಇಂಥ ಮಿತಿ ಇದೆಯೋ ಇಲ್ಲವೋ ಎಂದು ಡಿವೈಸ್ ಟ್ರೀಯನ್ನು ಪೂರ್ತಿಯಾಗಿ ಬಿಡಿಸಿ ನೋಡುವವರೆಗೆ ಕರ್ನೆಲ್‌ಗೆ ತಿಳಿಯುವುದಿಲ್ಲ. ಮಿತಿ ತಿಳಿಯದೆ ಮೀಸಲಿಟ್ಟರೆ ಸಾಧನಕ್ಕೆ ಎಟುಕದ ಜಾಗ ಸಿಕ್ಕೀತು.

ಎಕ್ಸ್86ರಲ್ಲಿ ಕಥೆ ಜಟಿಲ. ಅಲ್ಲಿ 2021ರಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎರಡು ಗಡಿಗಳ ನಡುವಿನ ಎಳೆದಾಟ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

5.13 ಆವೃತ್ತಿಯಲ್ಲಿ, ಸೆಟಪ್_ಆರ್ಚ್‌ನ ಉದ್ದಕ್ಕೂ ಚದುರಿದ್ದ ಆರಂಭಿಕ ಮೀಸಲುಗಳನ್ನು ಅರ್ಲಿ_ರಿಸರ್ವ್_ಮೆಮೊರಿ ಎಂಬ ಒಂದೇ ಫಂಕ್ಷನ್‌ಗೆ ತಂದರು. ಮೀಸಲುಗಳೆಲ್ಲ ಮುಗಿದ ಮೇಲೆಯೇ ಹಂಚಿಕೆಗಳು ಶುರುವಾಗಲಿ ಎಂಬ ಉದ್ದೇಶ ಸರಿಯಾದದ್ದೇ. ಆದರೆ ಆ ಕರೆ, ಇ820 ಕೋಷ್ಟಕವನ್ನು ಸಿದ್ಧಪಡಿಸುವ ಇ820__ಮೆಮೊರಿ_ಸೆಟಪ್‌ನ ನಂತರ ಇತ್ತು. ಝೆನ್ ಎಂಬ ವರ್ಚುವಲ್ ಯಂತ್ರ ವ್ಯವಸ್ಥೆಯಲ್ಲಿ ಕರ್ನೆಲ್ ಡೊಮ್0 ಆಗಿ, ಅಂದರೆ ಯಂತ್ರದ ಮೇಲ್ವಿಚಾರಣೆ ನೋಡುವ ಮೊದಲ ವ್ಯವಸ್ಥೆಯಾಗಿ ಓಡುವಾಗ, ಕೋಷ್ಟಕ ಸಿದ್ಧವಾಗುವ ಹೊತ್ತಿನಲ್ಲೇ ಝೆನ್‌ನ ಕೋಡ್ ನಡುವೆ ಓಡುತ್ತದೆ. ಅದಕ್ಕೆ ಕೆಲವು ಸಂದರ್ಭಗಳಲ್ಲಿ ಮೀಸಲುಗಳು ಆಗಲೇ ಆಗಿರಬೇಕು. ಹೀಗಾಗಿ 5.15ರ ಸಿದ್ಧತೆಯ ವೇಳೆ ಆ ಕರೆಯನ್ನು ಮೇಲಕ್ಕೆ ಸರಿಸಿದರು.

ಸರಿಸಿದ ಕೂಡಲೇ ಬೇರೊಂದು ಕಡೆ ಕಿತ್ತುಬಂತು. ಆ ಫಂಕ್ಷನ್‌ನೊಳಗಿದ್ದ ಇಎಫ್‌ಐ ಮೀಸಲು ಕಮಾಂಡ್ ಲೈನಿನ ಕನಿಷ್ಠ ಎರಡು ಸೂಚನೆಗಳನ್ನು ನೆಚ್ಚಿಕೊಂಡಿತ್ತು, ಈಗ ಅವುಗಳನ್ನು ಓದುವ ಮೊದಲೇ ಅದು ಓಡಿಹೋಗುತ್ತಿತ್ತು. ಪರಿಣಾಮವಾಗಿ ಇಎಫ್‌ಐ=ನೋಸಾಫ್ಟ್‌ರಿಸರ್ವ್ ಎಂಬ ಸೂಚನೆ ಕೆಲಸ ಮಾಡುವುದನ್ನು ನಿಲ್ಲಿಸಿತು. ಫರ್ಮ್‌ವೇರ್ ವಿಶೇಷ ಉದ್ದೇಶಕ್ಕೆಂದು ಗುರುತಿಸಿದ ಮೆಮೊರಿಯನ್ನು ಬದಿಗಿಡಬೇಡ, ಸಾಮಾನ್ಯ ಮೆಮೊರಿಯಂತೆಯೇ ಬಳಸು ಎಂಬುದು ಆ ಸೂಚನೆಯ ಅರ್ಥ. ಹಾಗಾದರೆ ಕಮಾಂಡ್ ಲೈನ್ ಓದುವುದನ್ನೇ ಮೇಲಕ್ಕೆ ತರೋಣ ಎಂದು ತಂದರು. ಆಗ ಮೆಮೊರಿಯ ಗರಿಷ್ಠ ಮಿತಿ ಹೇಳುವ ಮೆಮ್= ಸೂಚನೆ ಮುರಿಯಿತು, ಏಕೆಂದರೆ ಹೇಳಿದ ಭಾಗವನ್ನು ಕೋಷ್ಟಕದಿಂದ ತೆಗೆಯಬೇಕಾದರೆ ಕೋಷ್ಟಕ ಮೊದಲು ಸಿದ್ಧವಿರಬೇಕು. ಕೋಷ್ಟಕವನ್ನೂ ಮೇಲಕ್ಕೆ ತಂದರೆ ಝೆನ್ ಮತ್ತೆ ಮುರಿಯುತ್ತದೆ. ಕೊನೆಗೆ ಆ ವರ್ಷದ ಡಿಸೆಂಬರಿನಲ್ಲಿ, 5.16ರ ಸಿದ್ಧತೆಯ ವೇಳೆ, ಕಮಾಂಡ್ ಲೈನಿನ ಬದಲಾವಣೆಯನ್ನು ಹಿಂತೆಗೆದುಕೊಂಡು, ಇಎಫ್‌ಐ ಮೀಸಲನ್ನು ಮಾತ್ರ ಆ ಫಂಕ್ಷನ್‌ನಿಂದ ಬಿಡಿಸಿ, ಕಮಾಂಡ್ ಲೈನ್ ಓದಿದ ನಂತರದ ಜಾಗಕ್ಕೆ ಇಟ್ಟರು.

ಎಲ್ಲ ಮೀಸಲುಗಳೂ ಒಂದೇ ಕಡೆ ಇದ್ದರೆ ಕೋಡ್ ಓದಲು ಚೆನ್ನಾಗಿರುತ್ತದೆ ನಿಜ. ಆದರೆ ಪ್ರತಿಯೊಂದು ಮೀಸಲಿಗೂ ಬೇಕಾದ ಮಾಹಿತಿ ಬೇರೆ ಬೇರೆ ಗಳಿಗೆಯಲ್ಲಿ ಲಭ್ಯವಾಗುತ್ತದೆ. ಎಕ್ಸ್86ರಲ್ಲಿ ಕ್ರ್ಯಾಶ್ ಕರ್ನೆಲ್‌ನ ಮೀಸಲು ಸೆಟಪ್_ಆರ್ಚ್‌ನ ಕೊನೆಯ ಭಾಗದಲ್ಲಿರುವುದೂ ಇದೇ ಕಾರಣಕ್ಕೆ. ಯಾವ ಮೆಮೊರಿಯನ್ನು ಯಂತ್ರ ಓಡುತ್ತಿರುವಾಗಲೇ ಕಳಚಬಹುದು ಎಂದು ಹೇಳುವ ಎಸ್‌ಆರ್‌ಎಟಿ ಕೋಷ್ಟಕವನ್ನು ಓದಿದ ಮೇಲಷ್ಟೇ, ಕಳಚಲಾಗುವ ಭಾಗದ ಮೇಲೆ ಅದು ಬೀಳದಂತೆ ನೋಡಿಕೊಳ್ಳಲು ಸಾಧ್ಯ. ಆದ್ದರಿಂದ ನಿಮ್ಮ ಮೀಸಲಿನ ಎದುರು ಎರಡು ಸಾಲು ಬರೆದಿಡಿ: ಇದು ಯಾವ ಮಾಹಿತಿಗೆ ಕಾಯುತ್ತದೆ, ಮತ್ತು ಇದರ ಜಾಗಕ್ಕೆ ಮೊದಲು ಕೈ ಹಾಕಬಹುದಾದವರು ಯಾರು. ಕರೆಯ ಸ್ಥಾನ ಈ ಎರಡರ ನಡುವೆ ಇರಬೇಕು.

ಹಂತ 3: ಸ್ಥಿರ ವಿಳಾಸವಾದರೆ, ಕರ್ನೆಲ್‌ಗೂ ಮೊದಲೇ ಹೇಳಿಬಿಡಿ

ಡಿವೈಸ್ ಟ್ರೀ ಇರುವ ಬೋರ್ಡ್‌ಗಳಲ್ಲಿ ಕೋಡ್ ಬರೆಯುವ ಅಗತ್ಯವಿಲ್ಲ. ಮೂಲದ ಕೆಳಗೆ ರಿಸರ್ವ್ಡ್-ಮೆಮೊರಿ ಎಂಬ ನೋಡ್ (ವಿವರಪಟ್ಟಿಯ ಒಂದು ಘಟಕ) ಇಟ್ಟು, ಅದರೊಳಗೆ ನಿಮ್ಮ ಪ್ರದೇಶದ ಆರಂಭ ಮತ್ತು ಗಾತ್ರವನ್ನು ರೆಗ್ ಎಂಬಲ್ಲಿ ಬರೆದರಾಯಿತು. ವಿಳಾಸ ಹೇಳಿರುವ ಪ್ರದೇಶಗಳನ್ನು ಕರ್ನೆಲ್ ಮೊದಲು ಹಿಡಿಯುತ್ತದೆ, ಗಾತ್ರ ಮಾತ್ರ ಹೇಳಿರುವವುಗಳಿಗೆ ಆಮೇಲೆ ಜಾಗ ಹುಡುಕುತ್ತದೆ.

ಇಲ್ಲಿ ಎಡವುವ ಜಾಗಗಳು ಹಲವು. ಆ ನೋಡ್‌ನಲ್ಲಿ ವಿಳಾಸ ಮತ್ತು ಗಾತ್ರ ಬರೆಯಲು ಬಳಸುವ 32 ಬಿಟ್ ಸೆಲ್‌ಗಳ ಎಣಿಕೆ ಮೂಲ ನೋಡ್‌ನಲ್ಲಿರುವಂತೆಯೇ ಇರಬೇಕು, ಮತ್ತು ರೇಂಜಸ್ ಎಂಬ ಖಾಲಿ ಗುಣವೂ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕರ್ನೆಲ್ ಲಾಗ್‌ನಲ್ಲಿ ಒಂದು ಸಾಲು ಬರೆದು ಇಡೀ ನೋಡನ್ನು ಕಡೆಗಣಿಸುತ್ತದೆ; ಬೂಟ್ ನಿಲ್ಲುವುದಿಲ್ಲವಾದ್ದರಿಂದ ನಿಮಗೆ ಗೊತ್ತೇ ಆಗುವುದಿಲ್ಲ. ನೋ-ಮ್ಯಾಪ್ ಎಂದು ಸೇರಿಸಿದರೆ ಆ ಪ್ರದೇಶ ಕರ್ನೆಲ್‌ನ ನೇರ ವಿಳಾಸ ನಕ್ಷೆಯಿಂದಲೇ ಹೊರಗುಳಿಯುತ್ತದೆ, ಆಗ ಡ್ರೈವರ್ ಅದನ್ನು ಮುಟ್ಟಬೇಕಾದರೆ ಮೆಮ್‌ರೀಮ್ಯಾಪ್ ಮೂಲಕ ತಾನೇ ನಕ್ಷೆ ಮಾಡಿಕೊಳ್ಳಬೇಕು. ಆಗಲೇ ಬೇರೆಯವರು ಮೀಸಲಿಟ್ಟ ಮೆಮೊರಿಗೆ ನೋ-ಮ್ಯಾಪ್ ಕೇಳಿದರೆ ಕರ್ನೆಲ್ ಒಪ್ಪುವುದಿಲ್ಲ. ಇದು ಒಳ್ಳೆಯ ಸುದ್ದಿ, ಏಕೆಂದರೆ ಅತಿಕ್ರಮಣ ಲಾಗ್‌ನಲ್ಲಿ ಕಾಣಿಸಿಕೊಳ್ಳುವ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು.

ಬೂಟ್‌ಲೋಡರ್‌ನನ್ನೂ ಮರೆಯಬೇಡಿ. ಯು-ಬೂಟ್ ತನ್ನನ್ನು ಮೆಮೊರಿಯ ಮೇಲ್ತುದಿಯ ಬಳಿಗೆ ಸ್ಥಳಾಂತರಿಸಿಕೊಳ್ಳುತ್ತದೆ. ಇನಿಟ್‌ಆರ್‌ಡಿಯನ್ನು ಎಲ್ಲಿ ಇಳಿಸಬೇಕೆಂಬುದು ಅದರ ಸಂರಚನೆಗೆ ಬಿಟ್ಟ ವಿಷಯ. ಇನಿಟ್‌ಆರ್‌ಡಿ ನಿಮ್ಮ ಪ್ರದೇಶದ ಮೇಲೆಯೇ ಬಂದು ಕುಳಿತಿದ್ದರೆ ಕರ್ನೆಲ್ ಇಬ್ಬರ ಹೆಸರಿನಲ್ಲೂ ಅದನ್ನು ಮೀಸಲಿಡುತ್ತದೆ, ತಕರಾರು ಎತ್ತುವುದಿಲ್ಲ.

ಪ್ರದೇಶವನ್ನು ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ ಮೆಮೊರಿಯ ತುತ್ತತುದಿಯನ್ನು ಆರಿಸಬೇಡಿ. ಅಲ್ಲಿ ಯಾರೂ ಬರುವುದಿಲ್ಲ ಎಂದು ಹಲವರು ನಂಬುತ್ತಾರೆ. ಮೆಮ್‌ಬ್ಲಾಕ್ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಹಂಚುವುದರಿಂದ, ಮೀಸಲು ಒಂದಿಷ್ಟು ತಡವಾದರೂ ಮೊದಲ ಪೆಟ್ಟು ಬೀಳುವುದು ಆ ತುದಿಗೇ.

ಎಕ್ಸ್86ರಲ್ಲಿ ಇದೇ ಕೆಲಸಕ್ಕೆ ಮೆಮ್‌ಮ್ಯಾಪ್= ಸೂಚನೆಯಿದೆ: ಗಾತ್ರ, ಅನಂತರ $ ಚಿಹ್ನೆ, ಅನಂತರ ಆರಂಭದ ವಿಳಾಸ. ಇದು ಇ820 ಕೋಷ್ಟಕವನ್ನೇ ತಿದ್ದುತ್ತದೆ. ಮೆಮ್‌ಬ್ಲಾಕ್ ಆ ಕೋಷ್ಟಕವನ್ನು ನೋಡಿ ತನ್ನ ಪಟ್ಟಿ ಕಟ್ಟಿಕೊಳ್ಳುವುದು ಅನಂತರವಾದ್ದರಿಂದ, ನಿಮ್ಮ ಪ್ರದೇಶ ಅದಕ್ಕೆ ಮೆಮೊರಿಯಾಗಿ ಕಾಣುವುದೇ ಇಲ್ಲ. ಎಚ್ಚರಿಕೆ: ಗ್ರಬ್ ಬೂಟ್‌ಲೋಡರ್ $ ಚಿಹ್ನೆಯನ್ನೂ ಅದರ ಮುಂದಿನ ಸಂಖ್ಯೆಯನ್ನೂ ತನ್ನ ಚರಪದವೆಂದು ಭಾವಿಸಿ ನುಂಗಿಬಿಡುತ್ತದೆ. ಆಗ ಉಳಿಯುವುದು ಗಾತ್ರ ಮಾತ್ರ, ಮತ್ತು ಬರೀ ಗಾತ್ರ ಕೊಟ್ಟ ಮೆಮ್‌ಮ್ಯಾಪ್= ಎಂದರೆ ಯಂತ್ರದ ಒಟ್ಟು ಮೆಮೊರಿ ಇಷ್ಟೇ ಎಂದು ಅರ್ಥ. 64 ಎಂಬಿ ತೆಗೆದಿಡಲು ಹೊರಟವರ ಯಂತ್ರ 64 ಎಂಬಿಯಲ್ಲೇ ಬೂಟ್ ಆಗಲು ಹೆಣಗುತ್ತದೆ. ಗ್ರಬ್‌ನ ಡೀಫಾಲ್ಟ್ ಕಡತದಲ್ಲಿ ಬರೆಯುವಾಗ $ ಮುಂದೆ ಸಾಮಾನ್ಯವಾಗಿ ಮೂರು ಹಿಮ್ಮುಖ ಓರೆಗೆರೆಗಳು ಬೇಕಾಗುತ್ತವೆ. ರೀಬೂಟ್ ಮಾಡುವ ಮುನ್ನ, ತಯಾರಾದ ಗ್ರಬ್ ಕಡತದಲ್ಲಿ ಚಿಹ್ನೆ ಉಳಿದಿದೆಯೇ ಎಂದು ಕಣ್ಣಾರೆ ನೋಡಿ.

ಇನ್ನೊಂದು ಸೂಕ್ಷ್ಮ. ಭದ್ರತೆಗಾಗಿ ಕರ್ನೆಲ್ ತನ್ನನ್ನು ಯಾದೃಚ್ಛಿಕ ವಿಳಾಸದಲ್ಲಿ ಇರಿಸಿಕೊಳ್ಳುವ ಕೆಎಎಸ್‌ಎಲ್‌ಆರ್ ಎಂಬ ಏರ್ಪಾಟು, ಎಕ್ಸ್86ರಲ್ಲಿ ಸ್ಟಾರ್ಟ್_ಕರ್ನೆಲ್‌ಗೂ ಮೊದಲು, ಸಂಕುಚಿತ ರೂಪದಲ್ಲಿದ್ದ ಕರ್ನೆಲ್ ಇನ್ನೂ ಅರಳಿಕೊಳ್ಳುವ ಹಂತದಲ್ಲೇ ಜಾಗ ಆರಿಸುತ್ತದೆ. ಸೆಟಪ್_ಆರ್ಚ್‌ನ ಮೊದಲ ಸಾಲಿನಲ್ಲಿ ನೀವು ಮೀಸಲಿಟ್ಟರೂ ಆ ಆಯ್ಕೆಗಿಂತ ತಡವೇ. ಆ ಹಂತದ ಕೋಡ್ ಮೆಮ್‌ಮ್ಯಾಪ್= ಸೂಚನೆಗಳನ್ನು ಓದಿ ಆ ಜಾಗಗಳನ್ನು ಬಿಟ್ಟು ನಡೆಯುತ್ತದೆ, ಆದರೆ 4ರವರೆಗೆ ಮಾತ್ರ; ಅದಕ್ಕಿಂತ ಹೆಚ್ಚು ಕೊಟ್ಟರೆ ಭೌತಿಕ ವಿಳಾಸದ ಯಾದೃಚ್ಛಿಕ ಆಯ್ಕೆಯನ್ನೇ ಕೈಬಿಡುತ್ತದೆ.

ಹಂತ 4: ಎಲ್ಲಿದ್ದರೂ ನಡೆಯುವುದಾದರೆ, ಸಿದ್ಧ ಸೂಚನೆಗಳನ್ನು ಬಳಸಿ

ಸಾಧನಗಳ ಅಖಂಡ ಬಫರ್‌ಗೆ ಸಿಎಂಎ=256ಎಂ, ಕ್ರ್ಯಾಶ್ ಕರ್ನೆಲ್‌ಗೆ ಕ್ರ್ಯಾಶ್‌ಕರ್ನೆಲ್=256ಎಂ ಎಂಬಂತೆ ಬರೆದರೆ ಸಾಕು. ಕ್ರ್ಯಾಶ್ ಕರ್ನೆಲ್‌ಗೆ ವಿಳಾಸವನ್ನೂ ಕೊಡುವ ರೂಪವಿದೆ. ಬಲವಾದ ಕಾರಣವಿಲ್ಲದಿದ್ದರೆ ಅದನ್ನು ಬಳಸಬೇಡಿ, ಜಾಗ ಆರಿಸುವುದನ್ನು ಕರ್ನೆಲ್‌ಗೇ ಬಿಡಿ.

ಸಿಎಂಎ ವಿಷಯದಲ್ಲಿ ಗಳಿಗೆಗಳು ಎರಡು ಎಂಬುದನ್ನು ಗಮನಿಸಿ. ಜಾಗ ಮೀಸಲಾಗುವುದು ಸೆಟಪ್_ಆರ್ಚ್‌ನಲ್ಲಿ, ಅದು ಬಳಕೆಗೆ ತೆರೆದುಕೊಳ್ಳುವುದು ಕೋರ್_ಇನಿಟ್‌ಕಾಲ್ ಹಂತದಲ್ಲಿ. ಈ ನಡುವೆ ಯಾರಾದರೂ ಅದರಿಂದ ಕೇಳಿದರೆ ಸಿಗುವುದಿಲ್ಲ.

1 ಜಿಬಿ ಪುಟಗಳಿಗೆ ಹ್ಯೂಜ್‌ಪೇಜ್‌ಎಸ್‌ಝಡ್=1ಜಿ ಎಂದು ಮೊದಲು ಗಾತ್ರ, ಆಮೇಲೆ ಹ್ಯೂಜ್‌ಪೇಜಸ್=4 ಎಂದು ಸಂಖ್ಯೆ. ಅದಲುಬದಲಾದರೆ ಸಂಖ್ಯೆ ಡೀಫಾಲ್ಟ್ ಗಾತ್ರಕ್ಕೆ ಅನ್ವಯವಾಗುತ್ತದೆ.

2024ರಲ್ಲಿ ರಿಸರ್ವ್_ಮೆಮ್= ಎಂಬ ಹೊಸ ಸೂಚನೆ ಸೇರಿದೆ. ಗಾತ್ರ, ಜೋಡಣೆಯ ಮಿತಿ, ಹೆಸರು ಈ ಮೂರನ್ನು ಕೋಲನ್ ಚಿಹ್ನೆಯಿಂದ ಬೇರ್ಪಡಿಸಿ ಕೊಡಬೇಕು; ಡ್ರೈವರ್ ಆ ಹೆಸರಿನಿಂದ ಜಾಗವನ್ನು ಹುಡುಕಿಕೊಳ್ಳುತ್ತದೆ. ರೀಬೂಟ್ ಆದ ಮೇಲೂ ಹಳೆಯ ಟ್ರೇಸ್ ಅಥವಾ ಲಾಗ್ ಓದಬೇಕೆನ್ನುವವರಿಗೆ ಇದು ಬಹಳ ಉಪಯುಕ್ತ. ಆದರೆ ಪ್ರತಿ ಬಾರಿಯೂ ಅದೇ ಜಾಗ ಸಿಗುತ್ತದೆ ಎಂಬ ಭರವಸೆ ಇಲ್ಲ. ಕೆಎಎಸ್‌ಎಲ್‌ಆರ್‌ನಿಂದ ಕರ್ನೆಲ್ ಬೇರೆಡೆ ಕುಳಿತರೆ, ಅಥವಾ ಬೇರೆ ಕರ್ನೆಲ್ ಬೂಟ್ ಮಾಡಿದರೆ, ಜಾಗವೂ ಬದಲಾಗಬಹುದು.

ಹಂತ 5: ಸ್ವಂತ ಕೋಡ್ ಬರೆಯಲೇಬೇಕಾದರೆ

ಸೂಚನೆಯನ್ನು ಓದಿದಾಗ ಓಡುವ ಫಂಕ್ಷನ್, ಅಂದರೆ ಅದರ ಹ್ಯಾಂಡ್ಲರ್‌ನೊಳಗೆ ಏನು ಮಾಡಬಹುದು ಎಂಬುದು ಅದನ್ನು ಹೇಗೆ ನೋಂದಾಯಿಸಿದ್ದೀರಿ ಎಂಬುದರ ಮೇಲೆ ನಿಂತಿದೆ. ಅರ್ಲಿ_ಪ್ಯಾರಂ ಮೂಲಕ ನೋಂದಾಯಿಸಿದರೆ ಅದು ಆರಂಭಿಕ ಓದಿನ ವೇಳೆ ಓಡುತ್ತದೆ. ಎಕ್ಸ್86ರಲ್ಲಿ ಆ ಹೊತ್ತಿಗೆ ಮೆಮ್‌ಬ್ಲಾಕ್‌ಗೆ ಇರುವ ಮೆಮೊರಿಯ ಪಟ್ಟಿಯೇ ತಿಳಿದಿರುವುದಿಲ್ಲ. ಆದ್ದರಿಂದ ಅಲ್ಲಿ ಸಂಖ್ಯೆಯನ್ನು ಒಂದು ಚರಪದದಲ್ಲಿ ಬರೆದಿಟ್ಟುಕೊಳ್ಳಿ, ನಿಜವಾದ ಮೀಸಲನ್ನು ಸೆಟಪ್_ಆರ್ಚ್‌ನ ಮುಂದಿನ ಭಾಗದಲ್ಲಿ ಮಾಡಿ. ಎರಡು ಅಡಿಗೆರೆಗಳ ಮುಂದೆ ಸೆಟಪ್ ಎಂದು ಬರೆಯುವ ಮ್ಯಾಕ್ರೋದಿಂದ ನೋಂದಾಯಿಸಿದರೆ ಹ್ಯಾಂಡ್ಲರ್ ಸೆಟಪ್_ಆರ್ಚ್ ಮುಗಿದ ಮೇಲೆ, ಕಿಟಕಿ ಮುಚ್ಚುವ ಮುನ್ನ ಓಡುತ್ತದೆ. ಎಲ್ಲಿದ್ದರೂ ನಡೆಯುವ ಜಾಗವನ್ನು ಅಲ್ಲೇ ಪಡೆಯಬಹುದು. ರಿಸರ್ವ್_ಮೆಮ್= ನಡೆಯುವುದು ಹೀಗೆಯೇ.

ಮೆಮ್‌ಬ್ಲಾಕ್_ರಿಸರ್ವ್ ಎಂದರೆ "ಈ ವಿಳಾಸವನ್ನು ಮುಟ್ಟಬೇಡಿ" ಎಂದು ಬರೆಸುವುದು. ಮೆಮ್‌ಬ್ಲಾಕ್_ಫಿಸ್_ಅಲೊಕ್ ಎಂದರೆ "ಖಾಲಿ ಜಾಗ ಹುಡುಕಿ ನನ್ನ ಹೆಸರಿಗೆ ಬರೆಯಿರಿ" ಎಂದು ಕೇಳುವುದು. ಮೊದಲನೆಯದು ಜಾಗ ಖಾಲಿ ಇದೆಯೇ ಎಂದು ನೋಡುವುದೇ ಇಲ್ಲ. ಆಗಲೇ ಮೀಸಲಾದ ಪ್ರದೇಶದ ಮೇಲೆ ಕರೆದರೂ ಎರಡನ್ನೂ ಕೂಡಿಸಿ ಒಂದೇ ಸಾಲಾಗಿ ಬರೆದು ಸೊನ್ನೆ ಹಿಂದಿರುಗಿಸುತ್ತದೆ. ಆರಂಭದಲ್ಲಿ ಹೇಳಿದ ಎರಡನೆಯ ಓದುಗರ ತೊಡಕು ಇದೇ. ಕರೆಯುವ ಮುನ್ನ ಮೆಮ್‌ಬ್ಲಾಕ್_ಈಸ್_ರೀಜನ್_ರಿಸರ್ವ್ಡ್ ಎಂದು ಕೇಳಿ, ಹೌದೆಂದು ಬಂದರೆ ಅಲ್ಲೇ ನಿಲ್ಲಿಸಿ ಲಾಗ್ ಬರೆಯಿರಿ. ಎರಡನೆಯದು ವಿಫಲವಾದಾಗ ಸೊನ್ನೆ ಕೊಡುತ್ತದೆ. ಒಂದರಲ್ಲಿ ಸೊನ್ನೆ ಗೆಲುವು, ಇನ್ನೊಂದರಲ್ಲಿ ಸೋಲು ಎಂಬುದನ್ನು ಮರೆತವರ ಕೋಡನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ತಿದ್ದಿದ್ದೇನೆ.

ಎಕ್ಸ್86ರಲ್ಲಿ ಮೆಮೊರಿಯ ನೇರ ನಕ್ಷೆ ಸಿದ್ಧವಾಗುವವರೆಗೆ ಮೆಮ್‌ಬ್ಲಾಕ್‌ನ ಹಂಚಿಕೆಗೆ ಮೊದಲ 1 ಎಂಬಿಯ ಮಿತಿ ಇರುತ್ತದೆ. ಅಲ್ಲಿ ದೊಡ್ಡ ಹಂಚಿಕೆ ಕೇಳಿದರೆ ಸಿಗದೇ ಇರುವುದು ಸಹಜ, ಅದಕ್ಕೆ ಮೆಮೊರಿ ಕಡಿಮೆ ಇದೆ ಎಂಬ ಅರ್ಥವಿಲ್ಲ. ಲೋಡ್ ಮಾಡಬಹುದಾದ ಮಾಡ್ಯೂಲ್‌ನಿಂದ ಈ ಫಂಕ್ಷನ್‌ಗಳನ್ನು ಕರೆಯಲು ಬರುವುದೇ ಇಲ್ಲ: ಅವು ಮಾಡ್ಯೂಲ್‌ಗಳಿಗೆ ತೆರೆದಿಲ್ಲ, ಹಲವು ಯಂತ್ರಗಳಲ್ಲಿ ಬೂಟ್ ಮುಗಿದ ಮೇಲೆ ಮೆಮ್‌ಬ್ಲಾಕ್‌ನ ಪಟ್ಟಿಗಳೇ ಉಳಿದಿರುವುದಿಲ್ಲ. ಮಾಡ್ಯೂಲ್‌ಗೆ ಜಾಗ ಬೇಕಿದ್ದರೆ ಹಂತ 3 ಅಥವಾ 4ರ ದಾರಿಯಲ್ಲಿ ಮೀಸಲಿಟ್ಟು, ಮಾಡ್ಯೂಲ್ ಅದನ್ನು ಹುಡುಕಿಕೊಳ್ಳುವಂತೆ ಮಾಡಿ.

ಹಂತ 6: ಮೀಸಲಾಗಿದೆ ಎಂದು ನಂಬಬೇಡಿ, ನೋಡಿ

ಮೆಮ್‌ಬ್ಲಾಕ್=ಡೀಬಗ್ ಕೊಟ್ಟು ಬೂಟ್ ಮಾಡಿದರೆ ಪ್ರತಿಯೊಂದು ಮೀಸಲೂ, ಅದನ್ನು ಕರೆದ ಫಂಕ್ಷನ್‌ನ ಹೆಸರೂ ಲಾಗ್‌ನಲ್ಲಿ ಸಾಲಾಗಿ ಬರುತ್ತವೆ. ಆದರೆ ಈ ಸೂಚನೆಯೂ ಕಮಾಂಡ್ ಲೈನಿನದೇ. ಅದನ್ನು ಓದುವ ಮುನ್ನ ನಡೆದ ಮೀಸಲುಗಳ ಸಾಲು ಬರುವುದಿಲ್ಲ. ಸಾಲು ಕಾಣಲಿಲ್ಲವೆಂದು ಮೀಸಲೇ ಆಗಿಲ್ಲ ಎಂದುಕೊಳ್ಳದೆ, ಕೊನೆಗೆ ಬರುವ ಒಟ್ಟು ಪಟ್ಟಿಯನ್ನು ನೋಡಿ. ಆರ್ಮ್64ನಲ್ಲಿ ಆ ಪಟ್ಟಿ ಸಿಎಂಎ ಮತ್ತು ಕ್ರ್ಯಾಶ್ ಕರ್ನೆಲ್ ಹಂತದ ನಂತರ ಮುದ್ರಣವಾಗುತ್ತದೆ. ಎಕ್ಸ್86ರಲ್ಲಿ ಅವುಗಳಿಗೂ ಮೊದಲೇ ಮುದ್ರಣವಾಗುವುದರಿಂದ ಅವೆರಡನ್ನು ಅಲ್ಲಿ ಹುಡುಕಬೇಡಿ.

ಬೂಟ್ ಆದ ಮೇಲೆ ಪ್ರೋಕ್ ಕಡತವ್ಯವಸ್ಥೆಯ ಐಒಮೆಮ್ ಕಡತವನ್ನು ರೂಟ್ ಬಳಕೆದಾರರಾಗಿ ತೆರೆಯಿರಿ. ಸಾಮಾನ್ಯ ಬಳಕೆದಾರರಿಗೆ ವಿಳಾಸಗಳೆಲ್ಲ ಸೊನ್ನೆಯಾಗಿ ಕಾಣುತ್ತವೆ. ಆರ್ಮ್64ನಲ್ಲಿ ಮೆಮ್‌ಬ್ಲಾಕ್‌ನ ಮೀಸಲುಗಳು ಅಲ್ಲಿ ಕಾಣಿಸುತ್ತವೆ. ಎಕ್ಸ್86ರಲ್ಲಿ ಇ820 ಕೋಷ್ಟಕದ ಮೀಸಲುಗಳೂ ಕ್ರ್ಯಾಶ್ ಕರ್ನೆಲ್‌ನಂಥವೂ ಕಾಣಿಸುತ್ತವೆಯೇ ಹೊರತು, ಬರೀ ಮೆಮ್‌ಬ್ಲಾಕ್_ರಿಸರ್ವ್ ಕರೆದದ್ದು ಕಾಣುವುದಿಲ್ಲ. ಸಿಎಂಎಗೆ ಮೆಮ್‌ಇನ್ಫೋ ಕಡತದ ಸಿಎಂಎಟೋಟಲ್ ಸಾಲು, ಕ್ರ್ಯಾಶ್ ಕರ್ನೆಲ್‌ಗೆ ಸಿಸ್ ಅಡಿಯ ಕರ್ನೆಲ್ ಕೋಶದಲ್ಲಿರುವ ಕೆಎಕ್ಸೆಕ್_ಕ್ರ್ಯಾಶ್_ಸೈಜ್ ಕಡತ ನೋಡಿ. ಆ ಕಡತದಲ್ಲಿ ಸೊನ್ನೆ ಇದ್ದರೆ ಮೀಸಲು ಆಗಿಲ್ಲ ಎಂದೇ ಅರ್ಥ.

ಎಲ್ಲ ಸರಿಯಾಗಿದ್ದರೆ ಈ ಲಾಗನ್ನು ಕರ್ನೆಲ್ ಆವೃತ್ತಿಯ ಹೆಸರಿನಲ್ಲಿ ಒಂದು ಕಡತವಾಗಿ ಉಳಿಸಿಡಿ. ಕರ್ನೆಲ್, ಫರ್ಮ್‌ವೇರ್ ಅಥವಾ ಬೂಟ್‌ಲೋಡರ್ ಈ ಮೂರರಲ್ಲಿ ಯಾವುದನ್ನು ಬದಲಾಯಿಸಿದರೂ ಹೊಸ ಲಾಗ್ ತೆಗೆದು ಹಳೆಯದರ ಜೊತೆ ಡಿಫ್ ಮಾಡಿ, ಅಂದರೆ ಸಾಲುಸಾಲಾಗಿ ಹೋಲಿಸಿ. ವಿಳಾಸಗಳು ಸರಿದಿರುವುದು ಸಾಮಾನ್ಯ, ಕೆಎಎಸ್‌ಎಲ್‌ಆರ್ ಇದ್ದರೆ ಪ್ರತಿ ಬೂಟ್‌ನಲ್ಲೂ ಸರಿಯುತ್ತವೆ. ನೀವು ಹುಡುಕಬೇಕಾದದ್ದು ಸಾಲುಗಳ ಕ್ರಮ ಬದಲಾಗಿದೆಯೇ ಎಂದು: ನಿಮ್ಮ ಸ್ಥಿರ ವಿಳಾಸದ ಮೀಸಲಿಗಿಂತ ಕೆಳಗಿದ್ದ ಯಾವುದಾದರೂ ಹಂಚಿಕೆ ಈಗ ಅದರ ಮೇಲೆ ಕಾಣಿಸಿಕೊಂಡಿದ್ದರೆ, ಹಂತ 2ಕ್ಕೆ ಮರಳಿ ಆ ಆವೃತ್ತಿಯ ಸೆಟಪ್_ಆರ್ಚ್ ಅನ್ನು ಮತ್ತೊಮ್ಮೆ ಓದಿ.